ಬೀದಿ ಕಲಾವಿದರು, ಅವರ ಚಿತ್ರ, ಸುತ್ತಲ ರಸ್ತೆ: ಮೂರೂ ಫೋಟೊದಲ್ಲಿ ಸಿಗಬೇಕಾದರೆ

ಗೋಡೆಚಿತ್ರದ ಫೋಟೊ ಮೇಲೆ ಹೋಗುತ್ತ ಕಿರಿದಾಗುತ್ತದೆ, ಯಾಕೆ? ಮುಂದೆ ಸಾಲಾಗಿ ನಿಂತ ಬೈಕುಗಳನ್ನು ಏನು ಮಾಡುವುದು? ಕಲಾವಿದರನ್ನು ಕೇಳಿಯೇ ತೆಗೆಯಬೇಕೆ? ತೆಗೆದ ಫೋಟೊವನ್ನು ಮಾರಬಹುದೆ? ಪ್ರತಿವರ್ಷ ಚಿತ್ರಸಂತೆ ಹತ್ತಿರ ಬಂತೆಂದರೆ ಈ ನಾಲ್ಕು ಪ್ರಶ್ನೆಗಳೇ ಮತ್ತೆ ಮತ್ತೆ ಬರುತ್ತವೆ. ಎಲ್ಲಕ್ಕೂ ಒಂದೇ ಕಡೆ ಉತ್ತರ ಇರಲಿ ಎಂದು ಈ ಬರಹ. ಉದಾಹರಣೆಗಳೆಲ್ಲ ಬೆಂಗಳೂರಿನವು; ಮೈಸೂರು, ಹುಬ್ಬಳ್ಳಿಯಲ್ಲಿ ರಸ್ತೆ ಸ್ವಲ್ಪ ಖಾಲಿ ಇರಬಹುದು, ಉಳಿದದ್ದು ಅದೇ.

ಮೊದಲೇ ಒಂದು ಮಾತು. ಬೀದಿ ಕಲೆಯ ಫೋಟೊ ಒಂದೇ ಚೌಕಟ್ಟಿನಲ್ಲಿ ಮುಗಿಯುವುದಿಲ್ಲ. ಚಿತ್ರವನ್ನು ನೇರವಾಗಿ, ಅಳತೆ ಕೆಡದಂತೆ ತೋರಿಸುವ ದಾಖಲೆ ಫೋಟೊ ಒಂದು; ಕೆಲಸ ಮಾಡುತ್ತಿರುವ ಕೈ ಇನ್ನೊಂದು; ಆ ಚಿತ್ರ ಯಾವ ರಸ್ತೆಯಲ್ಲಿ, ಯಾರ ನಡುವೆ ಇದೆ ಎಂದು ಹೇಳುವುದು ಮತ್ತೊಂದು. ಮೂರಕ್ಕೂ ನಿಲ್ಲುವ ಜಾಗ ಬೇರೆ, ಬೆಳಕು ಬೇರೆ, ಕ್ಯಾಮೆರಾ ಸೆಟ್ಟಿಂಗ್ ಬೇರೆ. ಮೂರನ್ನೂ ಒಂದೇ ಕ್ಲಿಕ್ಕಿನಲ್ಲಿ ಹಿಡಿಯಲು ಹೋದರೆ ಓರೆಯಾದ ಗೋಡೆ, ಬೆನ್ನು ಮಾತ್ರ ಕಾಣುವ ಕಲಾವಿದ, ಅರ್ಧ ಆಟೊ ಸಿಗುತ್ತವೆ.

ಬೇಕಾಗುವ ಸಾಮಾನು

ಫೋನ್ ಸಾಕು. ಆದರೆ ಅದರ ಮುಖ್ಯ ಲೆನ್ಸ್, 2 ಪಟ್ಟು ಜೂಮ್ ಎರಡನ್ನು ಮಾತ್ರ ಬಳಸಿ. 0.5 ಎಂದು ತೋರಿಸುವ ಅತಿ ಅಗಲದ ಲೆನ್ಸ್ ಅಂಚುಗಳನ್ನು ಎಳೆದು ಹಿಗ್ಗಿಸುತ್ತದೆ, ಗೋಡೆಯ ತುದಿಯಲ್ಲಿರುವ ಮುಖ ಕುಂಬಳಕಾಯಿ ಆಗುತ್ತದೆ. ಕ್ಯಾಮೆರಾ ಇದ್ದವರಿಗೆ ಅದರ ಜೊತೆ ಬರುವ 18–55 ಮಿ.ಮೀ. ಲೆನ್ಸೇ ಸಾಲುತ್ತದೆ: ಚಿತ್ರದ ದಾಖಲೆಗೆ 35 ಮಿ.ಮೀ. ಸುತ್ತ, ಕಲಾವಿದರು ಮತ್ತು ರಸ್ತೆ ಒಟ್ಟಿಗೆ ಬೇಕಾದಾಗ 20–24 ಮಿ.ಮೀ.

ಇವುಗಳ ಜೊತೆಗೆ ಲೆನ್ಸ್ ಒರೆಸುವ ಬಟ್ಟೆ, ಪವರ್ ಬ್ಯಾಂಕ್, 3 ಮೀಟರಿನ ಅಳತೆ ಟೇಪು, ಒಂದು ತುಂಡು ಸೀಮೆಸುಣ್ಣ, ಚಿಕ್ಕ ನೋಟ್‌ಬುಕ್ಕು, ಗ್ರೇ ಕಾರ್ಡ್. ಗ್ರೇ ಕಾರ್ಡ್ ಎಂದರೆ ಬಣ್ಣದ ಛಾಯೆಯೇ ಇಲ್ಲದ ಬೂದು ರಟ್ಟು; ಫೋಟೊದಲ್ಲಿ ಅದು ಬೂದಾಗಿಯೇ ಕಾಣುವಂತೆ ಸರಿಪಡಿಸಿದರೆ ಉಳಿದ ಬಣ್ಣಗಳೂ ಸರಿಹೋಗುತ್ತವೆ. ಅದರ ಬದಲು ಎ4 ಹಾಳೆ ಹಿಡಿಯುವವರಿದ್ದಾರೆ. ಪ್ರಿಂಟಿಂಗ್ ಹಾಳೆ ಬೆಳ್ಳಗೆ ಕಾಣಲೆಂದು ಅದಕ್ಕೆ ಹೊಳಪುಕಾರಕ ಸೇರಿಸಿರುತ್ತಾರೆ, ಬಿಸಿಲಿನಲ್ಲಿ ಅದು ತುಸು ನೀಲಿ ಹೊಡೆಯುತ್ತದೆ. ಅದನ್ನು ಬಿಳಿ ಎಂದುಕೊಂಡು ಸರಿಪಡಿಸಿದರೆ ಇಡೀ ಚಿತ್ರ ಹಳದಿಗೆ ತಿರುಗುತ್ತದೆ.

ಟ್ರೈಪಾಡ್ ಬೇಕೆ? ಮುಂಜಾನೆಗೆ ಸರಿ. ಹತ್ತು ಗಂಟೆಯ ಮೇಲೆ ಫುಟ್‌ಪಾತಿನಲ್ಲಿ ಮೂರು ಕಾಲು ಬಿಚ್ಚಿ ನಿಲ್ಲಿಸಿದರೆ ನಡೆಯುವವರಿಗೆ ಅಡ್ಡಿ, ಜೊತೆಗೆ ಪರ್ಮಿಷನ್ ಕೇಳುವವರೂ ಹಾಜರು. ಒಂಟಿಕಾಲಿನ ಮೊನೊಪಾಡ್ ವಾಸಿ.

ಹಂತ 1: ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ, ನೋಡಿ

ಫೋಟೊಗೆ ಹೋಗುವ ಹಿಂದಿನ ದಿನ ಮ್ಯಾಪ್ ತೆಗೆದು ಇದೊಂದನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಆ ದಿನಗಳ ಹಿಂದೆಮುಂದೆ ಮಧ್ಯಾಹ್ನ ಗೋಡೆಯ ಮೇಲೆ ಬೆಳಕು ಮೇಲಿಂದ ಕೆಳಕ್ಕೆ ಸವರಿಕೊಂಡು ಬೀಳುತ್ತದೆ. ಗಾರೆಯ ಒಂದೊಂದು ಉಬ್ಬು, ಒಂದೊಂದು ಬಿರುಕೂ ನೆರಳು ಹೊತ್ತು ನಿಂತು, ಬಣ್ಣಕ್ಕಿಂತ ಮೇಸ್ತ್ರಿಯ ಕೆಲಸವೇ ಎದ್ದು ಕಾಣುತ್ತದೆ.

ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಮೂರನೆಯ ವಾರದವರೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಆಕಾಶದ ಮೆದು ಬೆಳಕು ದಿನವಿಡೀ ಸಮನಾಗಿ ಹರಡಿರುತ್ತದೆ. ಇಂಥ ಗೋಡೆಗೆ ಬೆಳಗ್ಗೆ ಎಂಟಕ್ಕೆ ಹೋದರೂ ಸರಿ, ಮಧ್ಯಾಹ್ನ ಎರಡಕ್ಕೆ ಹೋದರೂ ಸರಿ. ಪೂರ್ವದ ಗೋಡೆಗೆ ಮಧ್ಯಾಹ್ನದ ನಂತರ, ಪಶ್ಚಿಮದ ಗೋಡೆಗೆ ಬೆಳಗ್ಗೆ ಹೋಗಿ. ಅಂದರೆ ಬಿಸಿಲು ಗೋಡೆಯ ಬೆನ್ನಿಗಿರುವ ಹೊತ್ತು. ದಕ್ಷಿಣದ ಗೋಡೆ ಚಳಿಗಾಲದಲ್ಲಿ ದಿನವೆಲ್ಲ ಬಿಸಿಲು ಕುಡಿಯುತ್ತದೆ, ಅದಕ್ಕೆ ಮೋಡದ ದಿನ ಕಾಯುವುದೇ ಮೇಲು. ಬೆಂಗಳೂರಿನಲ್ಲಿ ಮೋಡಕ್ಕೇನು ಬರ?

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದಿದೆ: ಮರದ ಕೆಳಗಿನ ಗೋಡೆಯನ್ನು ಒಳ್ಳೆಯ ಬಿಸಿಲಿನಲ್ಲಿ ತೆಗೆಯುವುದು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲ ಚುಕ್ಕಿಗಳು ಚಿತ್ರದ ತುಂಬ ಚಿರತೆಯ ಮಚ್ಚೆ ಹಾಕುತ್ತವೆ. ಯಾವ ಸಾಫ್ಟ್‌ವೇರಿನಲ್ಲೂ ಅದು ಸಲೀಸಾಗಿ ಹೋಗುವುದಿಲ್ಲ.

ಹಂತ 2: ದಿನ ಮತ್ತು ಹೊತ್ತು

ಖಾಲಿ ಗೋಡೆ ಬೇಕಾದರೆ ಭಾನುವಾರ ಬೆಳಗ್ಗೆ ಆರೂವರೆಯಿಂದ ಎಂಟೂವರೆ. ವಾರದ ದಿನಗಳಲ್ಲಿ ಒಂಬತ್ತಾಗುವಷ್ಟರಲ್ಲಿ ಗೋಡೆಯ ಕೆಳಗಿನ ಮೂರು ನಾಲ್ಕು ಅಡಿ ದ್ವಿಚಕ್ರ ವಾಹನಗಳ ಹಿಂದೆ ಹೋಗುತ್ತದೆ. ಮಲ್ಲೇಶ್ವರದಲ್ಲಿ ಮನೆಗಳ ಹಿಂದೆ ಹಾದುಹೋಗುವ ಕನ್ಸರ್ವೆನ್ಸಿ ಓಣಿಗಳಂಥ ಇಕ್ಕಟ್ಟಿನ ಜಾಗದಲ್ಲಿ ಒಂದೇ ಒಂದು ಗೂಡ್ಸ್ ಆಟೊ ನಿಂತರೂ ಅಂದಿನ ಕೆಲಸ ಮುಗಿದಂತೆ.

ಕಲಾವಿದರು ಸಿಗುವ ಹೊತ್ತು ಬೇರೆ. ಗೋಡೆಗೆ ಬಣ್ಣ ಬಳಿಯುವವರು ಬಿಸಿಲೇರುವ ಮುನ್ನ ಶುರುಮಾಡಿ ನೆತ್ತಿಯ ಬಿಸಿಲಿಗೆ ಇಳಿಯುತ್ತಾರೆ. ಚರ್ಚ್ ಸ್ಟ್ರೀಟ್, ಎಂ.ಜಿ. ರಸ್ತೆಯ ಕಡೆ ಕೂತು ಮುಖಚಿತ್ರ ಬರೆದುಕೊಡುವವರಿಗೆ ಸಂಜೆ, ಅದರಲ್ಲೂ ಶನಿವಾರ ಭಾನುವಾರದ ಸಂಜೆ, ವ್ಯಾಪಾರದ ಹೊತ್ತು. ಜನವರಿಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯ ಭಾನುವಾರ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ, ಸಾವಿರಕ್ಕೂ ಹೆಚ್ಚು ಕಲಾವಿದರು ಒಂದೇ ಕಡೆ ಸಿಗುತ್ತಾರೆ. ಹತ್ತು ಗಂಟೆಯ ಮೇಲೆ ಅಲ್ಲಿ ಕಾಣುವುದು ಬರೀ ತಲೆಗಳು, ಎಂಟಕ್ಕೆ ಅಲ್ಲಿರಿ. ಆಗ ಕಲಾವಿದರು ಚಿತ್ರಗಳನ್ನು ಬಿಚ್ಚಿ, ದಾರ ಕಟ್ಟಿ, ತೂಗುಹಾಕುತ್ತಿರುತ್ತಾರೆ. ಇಡೀ ದಿನದಲ್ಲಿ ಒಳ್ಳೆಯ ಫೋಟೊ ಸಿಗುವುದು ಆ ಒಂದು ಗಂಟೆಯಲ್ಲೇ.

ಏಪ್ರಿಲ್–ಮೇ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸಂಜೆ ಮಳೆ ನೋಡಿಕೊಳ್ಳಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದದ್ದು ಒಂದು ಮಳೆಗೆ ಹೋಗುತ್ತದೆ. ನಾಳೆ ಬಂದು ತೆಗೆಯೋಣ ಎನ್ನುವ ಮಾತೇ ಬೇಡ.

ಹಂತ 3: ಕೇಳುವುದು

ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಹತ್ತಿರ ಹೋಗಿ ಐದು ನಿಮಿಷ ಬರೀ ನೋಡಿ. ಬ್ರಷ್ ಕೆಳಗಿಟ್ಟು ಬಣ್ಣ ಕಲಸುವಾಗಲೋ ನೀರು ಕುಡಿಯುವಾಗಲೋ ಮಾತಾಡಿಸಿ. ಗೆರೆ ಎಳೆಯುವ ಮಧ್ಯೆ ‘ಸರ್’ ಎಂದು ಕೂಗಿದರೆ ಗೆರೆಯೂ ಕೆಡುತ್ತದೆ, ನಿಮ್ಮ ಕೆಲಸವೂ ಕೆಡುತ್ತದೆ.

‘ಅಣ್ಣಾ, ಚಿತ್ರ ಚೆನ್ನಾಗಿ ಬರ್ತಿದೆ. ನೀವು ಕೆಲಸ ಮಾಡೋದು ಒಂದೆರಡು ಫೋಟೊ ತೆಗೀಲಾ? ಮುಖ ಬೇಡ ಅಂದ್ರೆ ಕೈ ಮಾತ್ರ ತೆಗೀತೀನಿ.’ ಇಷ್ಟು ಸಾಕು. ಕೊನೆಯ ವಾಕ್ಯವನ್ನು ಬಿಡಬೇಡಿ. ‘ಬೇಡ’ ಎನ್ನಲು ಹೊರಟವರಲ್ಲಿ ಎಷ್ಟೋ ಮಂದಿ ಅದನ್ನು ಕೇಳಿ ‘ಸರಿ, ಕೈ ತಗೊಳ್ಳಿ’ ಎನ್ನುತ್ತಾರೆ. ಹೆಂಗಸರಾದರೆ ‘ಅಕ್ಕಾ’ ಅಥವಾ ‘ಮೇಡಂ’, ವಯಸ್ಸು ನೋಡಿಕೊಂಡು. ಕನ್ನಡ ಬಾರದವರೂ ಬಹಳ ಇದ್ದಾರೆ. ತಮಿಳಿನಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಇದೇ ಮಾತು.

ಮುಖ ತೋರಿಸಬೇಡಿ ಎನ್ನುವವರಿಗೆ ಕಾರಣ ಇರುತ್ತದೆ. ಎಲ್ಲ ಗೋಡೆಚಿತ್ರವೂ ಗೋಡೆಯ ಒಡೆಯರ ಒಪ್ಪಿಗೆ ಪಡೆದದ್ದಲ್ಲ. ತೆರೆದ ಜಾಗಗಳನ್ನು ವಿರೂಪಗೊಳಿಸುವುದನ್ನು ತಡೆಯುವ 1981ರ ಕಾಯ್ದೆಯೊಂದು ಕರ್ನಾಟಕದಲ್ಲಿ ಇದೆ. ರಾತ್ರಿ ಸ್ಪ್ರೇ ಕ್ಯಾನ್ ಹಿಡಿದು ಬರೆಯುವವರ ಮುಖ, ಅವರ ಗಾಡಿಯ ನಂಬರ್ ನಿಮ್ಮ ಫೋಟೊದಲ್ಲಿ ಬಂದರೆ ಪೇಚಿಗೆ ಸಿಕ್ಕುವವರು ಅವರು.

ಮುಖಚಿತ್ರ ಬರೆಯುವವರಾದರೆ ಎದುರಿಗೆ ಕೂತ ಗಿರಾಕಿಯನ್ನೂ ಕೇಳಿ. ಮಕ್ಕಳು ಕೂತಿದ್ದರೆ ಅಪ್ಪ ಅಮ್ಮನನ್ನು. ಕಲಾವಿದರಿಗೂ ಸಾಲಿನಲ್ಲಿ ನಿಂತವರಿಗೂ ನಡುವೆ ಹೋಗಿ ನಿಲ್ಲಬೇಡಿ, ನಿಮ್ಮಿಂದ ಅವರ ವ್ಯಾಪಾರ ಹೋಗಬಾರದು.

ದುಡ್ಡಿನ ವಿಷಯ ಹೀಗೆ: ತಟ್ಟೆಯೋ ಡಬ್ಬಿಯೋ ಇಟ್ಟಿದ್ದರೆ ಬೇರೆಯವರಂತೆ ನೀವೂ ಹಾಕಿ, ಅದೂ ಫೋಟೊ ತೆಗೆಯುವ ಮುಂಚೆಯೇ. ‘ಐವತ್ತು ಕೊಡ್ತೀನಿ, ಹೀಗೆ ತಿರುಗಿ’ ಎಂದರೆ ಅವರು ತಿರುಗುತ್ತಾರೆ, ಆದರೆ ಆಮೇಲೆ ಸಿಗುವುದು ಬರೀ ಪೋಸು. ಅರ್ಧ ಗಂಟೆ ಅಲ್ಲೇ ಇರುವವರಾದರೆ ನಿಮ್ಮದೇ ಒಂದು ಮುಖಚಿತ್ರ ಬರೆಸಿಕೊಳ್ಳಿ. ಅವರಿಗೆ ಅರ್ಹವಾದ ದುಡ್ಡು, ನಿಮಗೆ ಹದಿನೈದು ನಿಮಿಷ ಅವರ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂದು ಎದುರಿನಿಂದ ನೋಡುವ ಅವಕಾಶ.

ಮೆಟ್ರೊ ನಿಲ್ದಾಣದ ಒಳಗಿನ ಚಿತ್ರಗಳಿಗೆ ಮಾತ್ರ ಸಿಬ್ಬಂದಿಯನ್ನು ಮೊದಲು ಕೇಳಿ. ಅಲ್ಲಿ ಕಲಾವಿದರ ‘ಹೂಂ’ ನಡೆಯುವುದಿಲ್ಲ.

ಹಂತ 4: ದಾಖಲೆ ಫೋಟೊ

ಇದನ್ನು ಎಲ್ಲಕ್ಕೂ ಮೊದಲು ತೆಗೆಯಿರಿ. ಇದರಲ್ಲಿ ನಿಮ್ಮ ಕಲೆ ಏನೂ ಬೇಡ, ಅಳತೆ ಸರಿ ಇರಬೇಕು ಅಷ್ಟೇ. ಬೆಂಗಳೂರಿನಲ್ಲಿ 2009ರ ಸುಮಾರಿಗೆ ಪಾಲಿಕೆ ಊರಿನ ಗೋಡೆಗಳ ಮೇಲೆ ಹಂಪಿ, ಜೋಗ, ಹುಲಿ, ಆನೆಗಳನ್ನು ಬರೆಸಿತ್ತು. ಅವುಗಳಲ್ಲಿ ಬಹುಪಾಲು ಬಣ್ಣ ಹೋಗಿ, ಪೋಸ್ಟರ್ ಅಂಟಿ, ಗೋಡೆಯೇ ಬಿದ್ದು ಮಾಯವಾಗಿವೆ. ಇದ್ದಾಗ ನೇರವಾಗಿ ನಿಂತು ತೆಗೆದ ಫೋಟೊ ಎಷ್ಟು ಜನರ ಬಳಿ ಇದೆ?

ನಿಲ್ಲುವ ಜಾಗ: ಚಿತ್ರದ ಅಗಲವನ್ನು ಟೇಪಿನಿಂದಲೋ ಹೆಜ್ಜೆಯಿಂದಲೋ ಅಳೆಯಿರಿ. ಅದರ ನಡುವಿನ ಬಿಂದುವಿಗೆ ಎದುರಾಗಿ ಹಿಂದೆ ಸರಿಯಿರಿ. ಚಿತ್ರ 3 ಮೀಟರ್ ಅಗಲ ಇದ್ದರೆ ಫೋನಿನ ಮುಖ್ಯ ಲೆನ್ಸಿಗೆ 2.5ರಿಂದ 3 ಮೀಟರ್, ಕ್ಯಾಮೆರಾದ 35 ಮಿ.ಮೀ. ಸ್ಥಾನಕ್ಕೆ ಸುಮಾರು 5 ಮೀಟರ್ ದೂರ ಬೇಕು. ಚಿತ್ರ ದೊಡ್ಡದಾದಷ್ಟೂ ದೂರವೂ ಅದೇ ಲೆಕ್ಕದಲ್ಲಿ ಹೆಚ್ಚುತ್ತದೆ. ಜಾಗವಿದ್ದರೆ ಹಿಂದೆ ಹೋಗಿ 2 ಪಟ್ಟು ಜೂಮ್ ಬಳಸಿ, ಹತ್ತಿರ ನಿಂತು ಅಗಲ ಲೆನ್ಸ್ ಬಳಸಬೇಡಿ. ಹಿಂದೆ ಸರಿಯುವಾಗ ಹಿಂದೆ ಏನಿದೆ ಎಂದು ತಿರುಗಿ ನೋಡಿ. ಚರಂಡಿಯ ಕಲ್ಲು ಎದ್ದಿರುವುದು ಈ ಊರಲ್ಲಿ ಹೊಸದೇನಲ್ಲ.

ಕ್ಯಾಮೆರಾ ಗೋಡೆಗೆ ಸಮಾನಾಂತರ ಇರಬೇಕು. ಚಿತ್ರ ಮೇಲೆ ಹೋಗುತ್ತ ಕಿರಿದಾಗುವುದು ನೀವು ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡುವುದರಿಂದ, ಬೇರೆ ಕಾರಣವೇ ಇಲ್ಲ. ಎತ್ತರದ ಗೋಡೆಗೆ ಎರಡು ದಾರಿ. ಮೊದಲನೆಯದು, ಎದುರು ಕಟ್ಟಡದ ಮೊದಲ ಮಹಡಿ, ಮೆಟ್ಟಿಲು, ಸ್ಕೈವಾಕ್ ಯಾವುದಾದರೂ ಹತ್ತಿ ಚಿತ್ರದ ಅರ್ಧ ಎತ್ತರಕ್ಕೆ ಬರುವುದು. ಅಂಗಡಿಯವರನ್ನು ಕೇಳಿದರೆ ಮೇಲೆ ಬಿಡುತ್ತಾರೆ. ಎರಡನೆಯದು, ಇನ್ನೂ ಹಿಂದೆ ಸರಿದು, ಕ್ಯಾಮೆರಾವನ್ನು ಓರೆ ಮಾಡದೆ ನೇರ ಹಿಡಿದು ತೆಗೆದು, ಕೆಳಗಿನ ಅರ್ಧದಲ್ಲಿ ತುಂಬಿಕೊಂಡ ರಸ್ತೆಯನ್ನು ಆಮೇಲೆ ಕತ್ತರಿಸುವುದು. ಸ್ವಲ್ಪ ಪಿಕ್ಸೆಲ್ ಹೋಗುತ್ತದೆ, ಅಳತೆ ಉಳಿಯುತ್ತದೆ. ಅಲ್ಪಸ್ವಲ್ಪ ಓರೆ ಉಳಿದರೆ ಸಾಫ್ಟ್‌ವೇರಿನಲ್ಲಿ ನೇರ ಮಾಡಬಹುದು, ಅದಕ್ಕೆಂದೇ ನಾಲ್ಕೂ ಕಡೆ ಹತ್ತರಲ್ಲಿ ಒಂದು ಪಾಲು ಜಾಗ ಬಿಟ್ಟು ತೆಗೆಯಿರಿ. ಅಂಚಿಗೆ ಅಂಟಿಸಿ ತೆಗೆದರೆ ನೇರ ಮಾಡುವಾಗ ಮೂಲೆ ಕತ್ತರಿಸಿಹೋಗುತ್ತದೆ, ಕಲಾವಿದರ ಸಹಿ ಇರುವುದು ಹೆಚ್ಚಾಗಿ ಅದೇ ಮೂಲೆಯಲ್ಲಿ.

ಉದ್ದ ಗೋಡೆ, ಇಕ್ಕಟ್ಟು ರಸ್ತೆ: 10 ಮೀಟರಿನ ಚಿತ್ರವನ್ನು 30 ಅಡಿ ರಸ್ತೆಯಲ್ಲಿ ಒಂದೇ ಫ್ರೇಮಿಗೆ ತರಲು ಒದ್ದಾಡಬೇಡಿ. ಗೋಡೆಯಿಂದ ಒಂದೇ ದೂರ ಇಟ್ಟುಕೊಂಡು ಪಕ್ಕಕ್ಕೆ ನಡೆಯುತ್ತ ತುಂಡುತುಂಡಾಗಿ ತೆಗೆಯಿರಿ, ಪ್ರತಿ ಫ್ರೇಮಿನ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರಲಿ. ನಿಂತಲ್ಲೇ ತಿರುಗುತ್ತ ತೆಗೆದರೆ ಗೋಡೆ ಬಿಲ್ಲಿನಂತೆ ಬಾಗುತ್ತದೆ. ಫೋನಿನ ಪನೋರಮಾ ಮಾಡುವುದು ಇದನ್ನೇ, ಅದನ್ನು ಇಲ್ಲಿ ಮುಟ್ಟಬೇಡಿ. ಎಕ್ಸ್‌ಪೋಶರ್, ಅಂದರೆ ಬೆಳಕಿನ ಪ್ರಮಾಣ, ಮೊದಲ ಫ್ರೇಮಿನಲ್ಲೇ ಲಾಕ್ ಮಾಡಿ. ಇಲ್ಲವಾದರೆ ಹೊಲಿಗೆ ಎದ್ದು ಕಾಣುತ್ತದೆ. ಜೋಡಿಸಲು ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರ್ ಇದೆ.

ಸೆಟ್ಟಿಂಗ್: ಐಎಸ್‌ಒ 100ರಿಂದ 400, ಅಪರ್ಚರ್ ಎಫ್ 5.6ರಿಂದ 8, ಶಟರ್ 1/125ಕ್ಕಿಂತ ನಿಧಾನ ಬೇಡ. ಐಎಸ್‌ಒ ಎಂದರೆ ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎನ್ನುವುದು, ಹೆಚ್ಚಾದಷ್ಟೂ ಕಾಳುಕಾಳು. ಅಪರ್ಚರ್ ಎಂದರೆ ಲೆನ್ಸಿನ ಕಿಂಡಿ, ಸಂಖ್ಯೆ ದೊಡ್ಡದಾದರೆ ಕಿಂಡಿ ಚಿಕ್ಕದು, ಅಂಚಿನವರೆಗೂ ಚುರುಕು. ಶಟರ್ ಎಂದರೆ ಬೆಳಕನ್ನು ಒಳಬಿಡುವ ಹೊತ್ತು, 1/125 ಎಂದರೆ ಒಂದು ಸೆಕೆಂಡಿನ 125ನೇ ಒಂದು ಪಾಲು. ಫೋನಿನಲ್ಲಾದರೆ ದೃಶ್ಯ ಗುರುತಿಸಿ ಬಣ್ಣ ಏರಿಸುವ ಆಯ್ಕೆಯನ್ನು ಆಫ್ ಮಾಡಿ. ಗೋಡೆಯ ಮಾಸಲು ಗುಲಾಬಿಯನ್ನು ಅದು ಹೋಳಿಯ ಬಣ್ಣ ಮಾಡಿ ಇಡುತ್ತದೆ.

ಎನಾಮೆಲ್ ಬಣ್ಣದ ಹೊಳಪು ಬಿಳಿ ಮಚ್ಚೆಯಾಗಿ ಕಂಡರೆ ಪೋಲರೈಸರ್ ಫಿಲ್ಟರ್ ತಿರುಗಿಸಿ, ಮಚ್ಚೆ ಕರಗುವಲ್ಲಿ ನಿಲ್ಲಿಸಿ. ಫಿಲ್ಟರ್ ಇಲ್ಲದಿದ್ದರೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ, ಓರೆಯನ್ನು ಆಮೇಲೆ ಸರಿಪಡಿಸಿಕೊಳ್ಳಬಹುದು. ಕೊನೆಗೆ ಗ್ರೇ ಕಾರ್ಡನ್ನು ಚಿತ್ರದ ಪಕ್ಕ ಹಿಡಿದು ಒಂದು ಫೋಟೊ.

ಫ್ಲೈಓವರ್ ಕಂಬಗಳನ್ನು ಚಪ್ಪಟೆ ಮಾಡಲು ಹೋಗಬೇಡಿ, ಮೂರು ಬದಿಯಿಂದ ಮೂರು ಫೋಟೊ ತೆಗೆಯಿರಿ. ಮೇಲ್ಸೇತುವೆಯ ಕೆಳಗೆ ನೆರಳು, ಆಚೆ ಬಿಸಿಲು. ಬೆಳಕನ್ನು ಚಿತ್ರಕ್ಕೆ ಹೊಂದಿಸಿ, ಆಚೆಯ ರಸ್ತೆ ಬೆಳ್ಳಗಾಗಿ ಹೋದರೆ ಹೋಗಲಿ.

ಹಂತ 5: ನೆಲದ ಮೇಲಿನ ಚಿತ್ರ

ಫುಟ್‌ಪಾತಿನಲ್ಲಿ ಸೀಮೆಸುಣ್ಣ, ಇದ್ದಿಲು, ಬಣ್ಣದ ಪುಡಿಯಿಂದ ಆಂಜನೇಯನನ್ನೋ ಗಣಪತಿಯನ್ನೋ ಯೇಸುವನ್ನೋ ಬರೆಯುವವರ ಚಿತ್ರಕ್ಕೆ ಗೋಡೆಯ ಲೆಕ್ಕ ನಡೆಯುವುದಿಲ್ಲ. ನಿಂತು ಕೆಳಗೆ ಬಾಗಿಸಿ ತೆಗೆದರೆ ದೂರದ ತಲೆ ಚಿಕ್ಕದಾಗಿ, ಹತ್ತಿರದ ಪಾದ ದೊಡ್ಡದಾಗುತ್ತದೆ.

ಫೋನನ್ನು ಮೊನೊಪಾಡಿಗೆ ಸಿಕ್ಕಿಸಿ, 3 ಸೆಕೆಂಡ್ ಟೈಮರ್ ಇಟ್ಟು, ಚಿತ್ರದ ಮಧ್ಯಕ್ಕೆ ಬರುವಂತೆ ಎತ್ತಿ ಹಿಡಿಯಿರಿ. ನೆಲದಿಂದ 2 ಮೀಟರ್ ಎತ್ತರದಲ್ಲಿ ಮುಖ್ಯ ಲೆನ್ಸಿಗೆ ಸುಮಾರು 2.7 ಮೀಟರ್ ಉದ್ದ, 2 ಮೀಟರ್ ಅಗಲದ ನೆಲ ಸಿಗುತ್ತದೆ, ಬಹುಪಾಲು ಚಿತ್ರಗಳಿಗೆ ಇಷ್ಟು ಸಾಕು. ನಿಮ್ಮ ನೆರಳು ಎಲ್ಲಿ ಬೀಳುತ್ತಿದೆ ನೋಡಿ, ಚಿತ್ರದಾಚೆಗೆ ಬೀಳುವ ಬದಿಯಲ್ಲಿ ನಿಲ್ಲಿ. ಚಪ್ಪಲಿ ಅಂಚಿಗೆ ತಾಗಿದರೂ ಪುಡಿ ಒರೆಸಿಹೋಗುತ್ತದೆ. ಚಿತ್ರದ ಮೇಲೆ ಬಿದ್ದ ನಾಣ್ಯ, ನೋಟು, ಹೂ ಏನನ್ನೂ ಸರಿಸಬೇಡಿ. ಅವು ಚಿತ್ರದ ಭಾಗ, ಅವರ ದುಡಿಮೆಯೂ ಹೌದು.

ಮೂರು ಆಯಾಮದ ಭ್ರಮೆ ಹುಟ್ಟಿಸುವ ಕೆಲಸಗಳಿಗೆ ಈ ನಿಯಮ ತಿರುಗುಮುರುಗು. ಅವನ್ನು ಎಳೆದು ವಿಕಾರವಾಗಿಯೇ ಬರೆದಿರುತ್ತಾರೆ, ಒಂದೇ ಒಂದು ಬಿಂದುವಿನಿಂದ ನೋಡಿದಾಗ ಮಾತ್ರ ಗುಂಡಿಯೋ ಬಾವಿಯೋ ನಿಜವಾಗುತ್ತದೆ. ಆ ಬಿಂದು ಸಾಮಾನ್ಯವಾಗಿ ಚಿತ್ರದ ಬುಡದ ಕಡೆ, ಕಣ್ಣಿನ ಎತ್ತರದಲ್ಲಿ ಇರುತ್ತದೆ. ಹುಡುಕುವ ಬದಲು ಬರೆದವರನ್ನೇ ‘ಎಲ್ಲಿ ನಿಂತ್ಕೋಬೇಕು?’ ಎಂದು ಕೇಳಿ. ನಮ್ಮ ಎರಡು ಕಣ್ಣು ಆಳವನ್ನು ಅಳೆದು ಮೋಸ ಹಿಡಿದುಬಿಡುತ್ತವೆ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ಹಾಗಾಗಿ ಫೋಟೊದಲ್ಲಿ ಭ್ರಮೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಹಂತ 6: ಕೈ

ಬಹಳ ಮಂದಿ ಕಲಾವಿದರ ಮುಖಕ್ಕೆ ಫೋಕಸ್ ಮಾಡುತ್ತಾರೆ. ಬ್ರಷ್ಷಿನ ತುದಿಗೆ ಮಾಡಿ.

ಬಲಗೈಯಲ್ಲಿ ಬರೆಯುವವರ ಎಡ ಹೆಗಲ ಹಿಂದೆ, ಎಡಗೈಯವರಾದರೆ ಬಲ ಹೆಗಲ ಹಿಂದೆ ನಿಲ್ಲಿ. ಇಲ್ಲವಾದರೆ ಕೈಯೇ ಚಿತ್ರವನ್ನು ಮುಚ್ಚುತ್ತದೆ. ಒಂದರಿಂದ ಒಂದೂವರೆ ಮೀಟರ್ ದೂರ, ಅದಕ್ಕಿಂತ ಹತ್ತಿರ ಹೋದರೆ ಅವರ ಬೆಳಕಿಗೆ ಅಡ್ಡ ಬರುತ್ತೀರಿ. ಗೆರೆ ಎಳೆಯುವ ಕೈ ನಿಧಾನ, 1/125 ಸಾಕು. ಬಣ್ಣ ಬಳಿಯುವ ಕೈಗೆ 1/250. ಕೈ ತುಸು ಅಲುಗಿದಂತೆ ಕಾಣಬೇಕು, ಚಿತ್ರ ಅಲುಗಬಾರದು ಎಂದರೆ 1/15ಕ್ಕೆ ಇಳಿಸಿ, ಮೊಣಕೈಯನ್ನು ಕಂಬಕ್ಕೆ ಒತ್ತಿ ಹಿಡಿದು ಏಳೆಂಟು ತೆಗೆಯಿರಿ, ಒಂದು ಸರಿ ಬರುತ್ತದೆ.

ಬಿಳಿ ಹಾಳೆಯ ಮೇಲೆ ಪೆನ್ಸಿಲ್ ಚಿತ್ರವಾದರೆ ಕ್ಯಾಮೆರಾ ಹಾಳೆಯನ್ನು ಬೂದು ಮಾಡಿಬಿಡುತ್ತದೆ. ಎದುರಿಗಿದ್ದದ್ದು ಸರಾಸರಿ ಬೂದು ಎಂದು ನಂಬಿಯೇ ಅದು ಬೆಳಕು ಅಳೆಯುವುದು. ಎಕ್ಸ್‌ಪೋಶರ್ ಹೆಚ್ಚುಕಡಿಮೆ ಮಾಡುವ +/– ಆಯ್ಕೆಯಲ್ಲಿ 0.7ರಿಂದ 1ರಷ್ಟು ಏರಿಸಿ. ಕಪ್ಪು ಗೋಡೆಯಾದರೆ ಅಷ್ಟೇ ಇಳಿಸಿ.

ಗೋಡೆಚಿತ್ರದ ಹಂತಗಳು ಗೊತ್ತಿದ್ದರೆ ಯಾವಾಗ ಬರಬೇಕೆಂಬುದೂ ಗೊತ್ತಾಗುತ್ತದೆ. ಮೊದಲು ಗೋಡೆ ಕೆರೆದು ಪ್ರೈಮರ್. ಆಮೇಲೆ ದಾರಕ್ಕೆ ಬಣ್ಣದ ಪುಡಿ ಹಚ್ಚಿ ಗೋಡೆಗೆ ಹೊಡೆದು ಚೌಕುಳಿ ಹಾಕುತ್ತಾರೆ. ಇತ್ತೀಚಿನವರು ಚೌಕುಳಿಯ ಬದಲು ಗೋಡೆಯ ತುಂಬ ಅಕ್ಷರ, ಸುರುಳಿ, ಗೀಚು ಬರೆದು, ಅದರ ಫೋಟೊದ ಮೇಲೆ ಫೋನಿನಲ್ಲಿ ತಮ್ಮ ಕರಡನ್ನು ಕೂರಿಸಿ, ಯಾವ ಗೀಚಿನ ಪಕ್ಕ ಕಣ್ಣು ಬರಬೇಕು, ಎಲ್ಲಿ ಮೂಗು ಎಂದು ನೋಡಿಕೊಳ್ಳುತ್ತಾರೆ. ಹುಚ್ಚುಹುಚ್ಚಾಗಿ ಕಾಣುವ ಆ ಗೋಡೆ ಒಂದೇ ದಿನ ಇರುತ್ತದೆ, ಆಮೇಲೆ ಬಣ್ಣದ ಕೆಳಗೆ ಹೋಗುತ್ತದೆ. ಕೇಳಿಕೊಂಡು ಆ ದಿನವೇ ಹೋಗಿ. ನಂತರ ಹೊರಗೆರೆ, ದಪ್ಪ ಬಣ್ಣ, ನೆರಳು, ಕೊನೆಗೆ ಸಹಿ. ಮೊದಲ ದಿನ ನೀವು ನಿಂತ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ನೋಟ್‌ಬುಕ್ಕಿನಲ್ಲಿ ‘ಮೂರನೆಯ ಕಂಬದಿಂದ ನಾಲ್ಕು ಹೆಜ್ಜೆ’ ಎಂದು ಬರೆದುಕೊಳ್ಳಿ. ಪ್ರತಿ ಹಂತವನ್ನೂ ಅಲ್ಲಿಂದಲೇ ತೆಗೆದರೆ ಗೋಡೆ ಬೆಳೆಯುವುದು ಸಾಲಾಗಿ ಕಾಣುತ್ತದೆ.

ಎಚ್ಚರಿಕೆ ಎರಡು. ಸಾರವೆಯ ಕೆಳಗೆ ನಿಲ್ಲಬೇಡಿ, ಏಣಿಗೆ ಒರಗಬೇಡಿ. ಸ್ಪ್ರೇ ಹೊಡೆಯುವಾಗ ಗಾಳಿ ಬರುವ ಕಡೆ, ಕನಿಷ್ಠ 3 ಮೀಟರ್ ದೂರದಲ್ಲಿರಿ. ಗಾಳಿಯಲ್ಲಿ ತೇಲುವ ಬಣ್ಣದ ಮಂಜು ಲೆನ್ಸಿನ ಲೇಪನದ ಮೇಲೆ ಕೂತರೆ ಬಿಡುವುದಿಲ್ಲ. ಮುಂದೆ ಒಂದು ಯುವಿ ಫಿಲ್ಟರ್ ಹಾಕಿದ್ದರೆ ಹಾಳಾಗುವುದು ಅದು ಮಾತ್ರ.

ಹಂತ 7: ರಸ್ತೆ

ಚಿತ್ರವನ್ನು ಅಷ್ಟು ದೂರ ಬಂದು ನೋಡಬೇಕೆನಿಸುವುದು ಅದು ರಸ್ತೆಯಲ್ಲಿ ಇರುವುದರಿಂದ. ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೆರೆ ಮಾಡಿ ಅದರಲ್ಲಿ ಮೊಸಳೆ ಇಟ್ಟರು. ಮೊಸಳೆಯನ್ನಷ್ಟೇ ಹತ್ತಿರದಿಂದ ತೆಗೆದರೆ ಅದೊಂದು ಗೊಂಬೆ. ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗುವ ಸ್ಕೂಟರ್ ಬಂದಾಗಲೇ ಮಾತು ಹೊರಡುತ್ತದೆ. 2019ರಲ್ಲಿ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ನಡೆದಂತೆ ನಡೆಯುವ ಅವರ ವಿಡಿಯೊ ನೆನಪಿರಬಹುದು. ರಾತ್ರಿಯ ಕತ್ತಲಲ್ಲಿ ಚಂದ್ರನೆಂದೇ ನಂಬಿ ನೋಡುತ್ತಿದ್ದವರ ಮುಂದೆ ಒಂದು ಆಟೊ ಹಾದುಹೋಗುತ್ತದೆ. ಕೆಲಸ ಮಾಡಿದ್ದು ಆ ಆಟೊ. ನಿಮ್ಮ ಫೋಟೊಗೂ ಅಂಥದ್ದೊಂದು ಆಟೊ ಬೇಕು.

ಹಾಗೆಂದು ಏನು ಬಂದರೂ ಸರಿ ಎಂದಲ್ಲ. ಚೌಕಟ್ಟು ಮೊದಲು ಕಟ್ಟಿಕೊಂಡು ಕಾಯಿರಿ: ಹೂವಿನ ಬುಟ್ಟಿ ಹೊತ್ತವರು, ಶಾಲೆಯ ಮಕ್ಕಳು, ಗೋಡೆಯ ಬಣ್ಣದ್ದೇ ಸೀರೆ. ಸಿಗ್ನಲ್ ಹತ್ತಿರವಿದ್ದರೆ ಅದರ ಲಯ ಎರಡು ಸುತ್ತಿನಲ್ಲಿ ತಿಳಿಯುತ್ತದೆ. ಕೆಂಪು ಬಿದ್ದ ಕೂಡಲೇ ಹತ್ತು ಹದಿನೈದು ಸೆಕೆಂಡು ರಸ್ತೆ ಖಾಲಿ, ಹಸಿರಾದೊಡನೆ ಪ್ರವಾಹ. ಬಿಎಂಟಿಸಿ ಬಸ್ಸು ಬಣ್ಣದ ಪಟ್ಟೆಯಾಗಿ ಹರಿಯಬೇಕೆಂದರೆ 1/8ರಿಂದ 1/15. ಬಿಸಿಲಿದ್ದರೆ ಅಷ್ಟು ನಿಧಾನಕ್ಕೆ ಹೋಗಲು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕಾಗುತ್ತದೆ.

ಯಾರೂ ಇಲ್ಲದ ಗೋಡೆಯೇ ಬೇಕು, ರಸ್ತೆ ಖಾಲಿಯಾಗುವುದಿಲ್ಲ ಎಂದರೆ, ಕ್ಯಾಮೆರಾ ಅಲುಗದಂತೆ ನಿಲ್ಲಿಸಿ ಸೆಕೆಂಡುಗಳ ಅಂತರದಲ್ಲಿ ಹತ್ತು ಹದಿನೈದು ತೆಗೆಯಿರಿ. ಫೋಟೊಶಾಪ್‌ನಂಥ ಸಾಫ್ಟ್‌ವೇರಿನ ಮೀಡಿಯನ್ ಆಯ್ಕೆ ಹೆಚ್ಚಿನ ಫ್ರೇಮುಗಳಲ್ಲಿ ಇರುವುದನ್ನು ಉಳಿಸಿ, ಹಾದುಹೋದವರನ್ನು ಅಳಿಸುತ್ತದೆ. ನಿಂತ ಬೈಕು ಇದರಿಂದ ಹೋಗುವುದಿಲ್ಲ. ಅದಕ್ಕೆ ಭಾನುವಾರವೇ ಮದ್ದು.

ಸಂಜೆ ಬೀದಿದೀಪದ ಕೆಳಗೆ ಫೋಟೊದಲ್ಲಿ ಅಡ್ಡ ಪಟ್ಟೆಗಳು ಬಂದರೆ ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಲವು ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರನ್ನು 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ.

ಒಳ್ಳೆಯ ಕೋನ ಹುಡುಕುತ್ತ ಹಿಂದಕ್ಕೆ ಹೆಜ್ಜೆ ಹಾಕಿ ರಸ್ತೆಗೆ ಇಳಿಯುವುದು ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಅಪಾಯದ್ದು. ಕಣ್ಣು ಕ್ಯಾಮೆರಾದಲ್ಲಿದ್ದಾಗ ಕಾಲು ಫುಟ್‌ಪಾತಿನ ಮೇಲೇ ಇರಲಿ.

ಹಂತ 8: ಹಾಕುವ, ಹಂಚುವ ಮೊದಲು

ಹೆಚ್ಚು ಗೊಂದಲ ಇರುವುದು ಇಲ್ಲಿ. ‘ರಸ್ತೆಯಲ್ಲಿದೆ, ಎಲ್ಲರದ್ದೂ’ ಎನ್ನುವುದು ತಪ್ಪು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇರುವ ಶಿಲ್ಪದ ಫೋಟೊ ತೆಗೆದು ಪ್ರಕಟಿಸಲು ಬಿಡುತ್ತದೆ, ಕಟ್ಟಡಕ್ಕೂ ಅಂಥದ್ದೇ ವಿನಾಯಿತಿ ಇದೆ. ಫೋಟೊಗೆ ಸಂಬಂಧಿಸಿದ ಆ ಸಾಲಿನಲ್ಲಿ ಬಣ್ಣದ ಚಿತ್ರದ ಹೆಸರಿಲ್ಲ. ಗೋಡೆಚಿತ್ರದ ಹಕ್ಕು ಬರೆದವರದ್ದೇ, ಅವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಆ ಹಕ್ಕನ್ನು ಅವರು ಬೇರೆ ಯಾರಿಗಾದರೂ ಬರಹದಲ್ಲಿ ವಹಿಸಿಕೊಟ್ಟಿದ್ದರೆ, ಹಾಗೆ ಪಡೆದವರದ್ದು. 2023ರಲ್ಲಿ ಮುಂಬೈನ ಒಂದು ಗೋಡೆಚಿತ್ರವನ್ನು ವಿಮಾ ಕಂಪನಿಯೊಂದು ಜಾಹೀರಾತಿಗೆ ಬಳಸಿಕೊಂಡ ವಿಚಾರ ದೆಹಲಿ ಹೈಕೋರ್ಟಿಗೆ ಹೋಗಿ, ಜಾಲತಾಣದ ಪೋಸ್ಟ್‌ಗಳನ್ನು ತೆಗೆಯುವಂತೆ ಆದೇಶ ಬಂತು.

ನಿಮ್ಮ ಮಟ್ಟಿಗೆ ಇದರ ಅರ್ಥ: ನಿಮ್ಮ ಸಂಗ್ರಹಕ್ಕೆ, ವಿಮರ್ಶೆಗೆ, ವರದಿಗೆ ಬಳಸಿದರೆ ತೊಂದರೆ ಇಲ್ಲ. ಕ್ಯಾಲೆಂಡರ್, ಟೀ ಶರ್ಟ್, ಜಾಹೀರಾತು, ಮಾರುವ ಪ್ರಿಂಟ್ ಎಂದಾದರೆ ಕಲಾವಿದರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ‘ಈ ಚಿತ್ರದ ಫೋಟೊವನ್ನು ಇಂಥ ಕೆಲಸಕ್ಕೆ, ಇಷ್ಟು ವರ್ಷ ಬಳಸಲು ಒಪ್ಪಿದ್ದೇನೆ’ ಎಂಬ ನಾಲ್ಕು ಸಾಲು, ಸಹಿ, ತಾರೀಖು. ಬರೆದವರ ಹೆಸರು ಹೇಳುವುದು ಮರ್ಯಾದೆಯ ಮಾತಷ್ಟೇ ಅಲ್ಲ, 57ನೇ ಸೆಕ್ಷನ್ ಪ್ರಕಾರ ಅದು ಅವರ ಹಕ್ಕು. ಚಿತ್ರವನ್ನು ತಿರುಚಿ ಅವರ ಹೆಸರಿಗೆ ಧಕ್ಕೆ ತಂದರೆ ಆಕ್ಷೇಪಿಸುವ ಹಕ್ಕೂ ಅದೇ ಸೆಕ್ಷನ್ನಿನಲ್ಲಿದೆ.

ಫೋಟೊದಲ್ಲಿ ಕ್ಯೂಆರ್ ಕೋಡ್ ಸ್ಟಿಕ್ಕರೋ ಫೋನ್ ನಂಬರೋ ಬಂದಿದೆಯೇ ನೋಡಿ. ಮುಖಚಿತ್ರ ಬರೆಯುವವರು ಬೋರ್ಡಿನ ಮೇಲೆ ಎರಡನ್ನೂ ಅಂಟಿಸಿರುತ್ತಾರೆ. ಕೆಲವರಿಗೆ ನಂಬರ್ ಊರೆಲ್ಲ ತಿಳಿದರೆ ಆರ್ಡರ್ ಬರುತ್ತದೆ ಎಂಬ ಆಸೆ, ಕೆಲವರಿಗೆ ಕಿರಿಕಿರಿ. ಕೇಳಿ, ಬೇಡವೆಂದರೆ ಮಸುಕು ಮಾಡಿ.

ತಿದ್ದುವಾಗ: ಓರೆ ನೇರ ಮಾಡಿ, ಗ್ರೇ ಕಾರ್ಡಿನಿಂದ ಬಣ್ಣ ಸರಿಪಡಿಸಿ, ಅಲ್ಲಿಗೆ ನಿಲ್ಲಿಸಿ. ಅಡಿಬರಹದಲ್ಲಿ ಕಲಾವಿದರ ಹೆಸರು, ರಸ್ತೆ, ತಾರೀಖು. ಫೈಲಿನ ಹೆಸರು ವರ್ಷ, ತಿಂಗಳು, ದಿನ, ಜಾಗ ಎಂಬ ಕ್ರಮದಲ್ಲಿರಲಿ, ಐದು ವರ್ಷದ ನಂತರವೂ ಸಿಗುತ್ತದೆ.

ಹಂತ 9: ಅವರಿಗೆ ತಲುಪಿಸುವುದು

‘ಕಳಿಸ್ತೀನಿ’ ಎಂದು ಹೇಳಿ ಬಂದವರಲ್ಲಿ ಕಳಿಸುವವರು ಕಡಿಮೆ ಎಂದು ಕಲಾವಿದರಿಗೆ ಚೆನ್ನಾಗಿ ಗೊತ್ತು. ಅಂದೇ ರಾತ್ರಿ ಕಳಿಸಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ, ಡಾಕ್ಯುಮೆಂಟ್ ಆಯ್ಕೆಯಿಂದ ಕಳಿಸಿದರೆ ಮೂಲ ಅಳತೆಯಲ್ಲೇ ಸೇರುತ್ತದೆ. ಅವರ ಪ್ರಚಾರಕ್ಕೆ ಬಳಸಿಕೊಳ್ಳಬಹುದೋ ಇಲ್ಲವೋ ಎಂದು ಒಂದು ಸಾಲು ಜೊತೆಗೆ ಬರೆಯಿರಿ. ಫೋಟೊದ ಹಕ್ಕು ನಿಮ್ಮದಾದ್ದರಿಂದ ಅವರಿಗೂ ಇದೇ ಅನುಮಾನ ಇರುತ್ತದೆ.

ನೆಲದ ಮೇಲೆ ಬರೆಯುವವರಿಗೆ ಫೋಟೊಗಿಂತ ಪ್ರಿಂಟ್ ಉಪಯೋಗಕ್ಕೆ ಬರುತ್ತದೆ. ಅವರ ಕೆಲಸ ಸಂಜೆಗೆ ಅಳಿಸಿಹೋಗುತ್ತದೆ, ಹಿಂದೆ ಬರೆದದ್ದನ್ನು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. 8x12 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಚುಕ್ಕಿಯಂತೆ 2400x3600 ಪಿಕ್ಸೆಲ್ ಬೇಕು, 12 ಮೆಗಾಪಿಕ್ಸೆಲ್ ಫೋನಿನ ಮೂಲ ಫೈಲಿನಲ್ಲಿ ಅಷ್ಟು ಇದ್ದೇ ಇರುತ್ತದೆ. ಮ್ಯಾಟ್ ಕಾಗದದಲ್ಲಿ ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಮೂಲೆಯಲ್ಲಿ ದಾರ ಪೋಣಿಸಲು ಒಂದು ತೂತು ಹಾಕಿಸಿ ಕೊಡಿ. ತಟ್ಟೆಯ ಪಕ್ಕ ತೂಗುಹಾಕಿಕೊಳ್ಳುತ್ತಾರೆ.